ಮನಿಲಾದ ಸೆಕೆಯಲ್ಲಿ ಓಟ: ಬೆಂಗಳೂರಿನ ವೇಗ ಎಲ್ಲಿ ಹೋಯಿತು?

ಓದುಗರ ಪ್ರಶ್ನೆ

ನಾನು ದಾವಣಗೆರೆಯವನು. ವಯಸ್ಸು 41, ತೂಕ 72 ಕಿಲೊ. ಹತ್ತು ವರ್ಷ ಬೆಂಗಳೂರಿನಲ್ಲಿದ್ದು, ಎಂಟು ತಿಂಗಳ ಹಿಂದೆ ಕಂಪನಿಯ ಕೆಲಸದ ಮೇಲೆ ಫಿಲಿಪ್ಪೀನ್ಸ್‌ಗೆ ಬಂದೆ. ಈಗ ಮನಿಲಾ ಮಹಾನಗರದ ತಗೀಗ್‌ನಲ್ಲಿದ್ದೇನೆ. ಸೋಮವಾರದಿಂದ ಶುಕ್ರವಾರದವರೆಗೆ ರಾತ್ರಿ 9ರಿಂದ ಬೆಳಿಗ್ಗೆ 6ರ ಪಾಳಿ. ಬೆಂಗಳೂರಿನಲ್ಲಿ 10 ಕಿ.ಮೀ. ಓಟವನ್ನು 58 ನಿಮಿಷದಲ್ಲಿ ಮುಗಿಸುತ್ತಿದ್ದೆ. ಇಲ್ಲಿ ಅಪಾರ್ಟ್‌ಮೆಂಟಿನ ಎ.ಸಿ. ಜಿಮ್‌ನಲ್ಲಿ ವಾರಕ್ಕೆ ನಾಲ್ಕು ದಿನ ಟ್ರೆಡ್‌ಮಿಲ್ ಮೇಲೆ ಓಡುತ್ತೇನೆ. ವೇಗ ಹಿಂದಿನಂತೆಯೇ ಇದೆ. ಆದರೆ ಮೇ ಕೊನೆಯ ವಾರದಲ್ಲಿ ಮೊದಲ ಸಲ ಇಲ್ಲಿನ ಸ್ಪರ್ಧೆಯೊಂದರಲ್ಲಿ 10 ಕಿ.ಮೀ. ಓಡಿದಾಗ 1 ಗಂಟೆ 9 ನಿಮಿಷ ಹಿಡಿಯಿತು. ಗೆರೆ ದಾಟಿ ನಿಂತ ಕೂಡಲೇ ಕಣ್ಣು ಕತ್ತಲೆ ಬಂದು ಕುಳಿತುಬಿಟ್ಟೆ. ಇದು ವಯಸ್ಸಿನ ಪರಿಣಾಮವೇ? ಡಿಸೆಂಬರ್‌ನಲ್ಲಿ 21 ಕಿ.ಮೀ. ಓಡುವ ಆಸೆಯಿದೆ, ಆ ದೂರ ಓಡಿದವರಿಗೆ ಕೊಡುವ ಫಿನಿಷರ್ ಟೀ ಶರ್ಟ್ ನನಗೂ ಬೇಕು ಅನ್ನಿಸಿದೆ. ಯಾವ ಸ್ಪರ್ಧೆ ಆರಿಸಿಕೊಳ್ಳಲಿ, ಹೇಗೆ ಸಿದ್ಧನಾಗಲಿ? ನಾನು ಸಸ್ಯಾಹಾರಿ.

ತಜ್ಞರ ಉತ್ತರ

ನಿಮ್ಮ ವಯಸ್ಸನ್ನು ದೂರಬೇಕಾಗಿಲ್ಲ. ಒಂದೇ ವರ್ಷದೊಳಗೆ ಹನ್ನೊಂದು ನಿಮಿಷ ಕಳೆಯುವಷ್ಟು ಬೇಗ ವಯಸ್ಸು ಯಾರ ಓಟವನ್ನೂ ತಿನ್ನುವುದಿಲ್ಲ, ಅದರಲ್ಲೂ ಟ್ರೆಡ್‌ಮಿಲ್ ಮೇಲಿನ ವೇಗ ಹಾಗೆಯೇ ಇರುವಾಗ. ನೀವು ಬೆಂಗಳೂರಿನ ಹವೆಯಲ್ಲಿ ಗಳಿಸಿದ ವೇಗವನ್ನು ಮನಿಲಾದ ಹವೆಯಲ್ಲಿ ಓಡಲು ನೋಡಿದಿರಿ, ದೇಹ ಒಪ್ಪಲಿಲ್ಲ. ಡಿಸೆಂಬರ್‌ನಲ್ಲಿ ಹಾಫ್ ಮ್ಯಾರಥಾನ್ ಖಂಡಿತ ಓಡಬಹುದು; ಅದಕ್ಕೆ ಮೊದಲು ಒಬ್ಬ ವೈದ್ಯರನ್ನು ಕಾಣಬೇಕು, ಎ.ಸಿ. ಕೋಣೆಯಿಂದ ಹೊರಗೆ ಬರಬೇಕು, ಬೆಂಗಳೂರಿನ 58 ನಿಮಿಷದ ಲೆಕ್ಕವನ್ನು ಸದ್ಯಕ್ಕೆ ಬದಿಗಿಡಬೇಕು. ನಾನು ಹುಟ್ಟಿ ಬೆಳೆದದ್ದು ಉಡುಪಿಯ ಹತ್ತಿರ. ಮನಿಲಾದಲ್ಲಿ ಆರು ವರ್ಷ ಕೆಲಸ ಮಾಡಿ, ಅಲ್ಲಿನ ಮೂವತ್ತಕ್ಕೂ ಹೆಚ್ಚು ಸ್ಪರ್ಧೆಗಳಲ್ಲಿ ಓಡಿ, ಈಗ ಹವ್ಯಾಸಿ ಓಟಗಾರರಿಗೆ ತರಬೇತಿ ಕೊಡುತ್ತಿದ್ದೇನೆ. ಸೆಕೆ ಎಂದರೇನೆಂಬುದು ಕರಾವಳಿಯವನಾದ ನನಗೆ ಚಿಕ್ಕಂದಿನಿಂದ ಗೊತ್ತಿದ್ದರೂ, ಅಲ್ಲಿನ ಮೊದಲ ಬೇಸಿಗೆಯಲ್ಲಿ ನಾನೂ ನಿಮ್ಮ ಹಾಗೆಯೇ ಗೊಂದಲಕ್ಕೆ ಬಿದ್ದಿದ್ದೆ.

ಮೊದಲು ಆ ಕಣ್ಣು ಕತ್ತಲೆಯ ವಿಷಯ. ಓಡುವಾಗ ಕಾಲಿನ ರಕ್ತನಾಳಗಳು ಹಿಗ್ಗಿರುತ್ತವೆ, ಮೀನಖಂಡದ ಸ್ನಾಯುಗಳು ಪ್ರತಿ ಹೆಜ್ಜೆಗೂ ರಕ್ತವನ್ನು ಮೇಲಕ್ಕೆ ಒತ್ತುತ್ತಿರುತ್ತವೆ. ಗೆರೆ ದಾಟಿ ಥಟ್ಟನೆ ನಿಂತರೆ ಆ ಒತ್ತುವಿಕೆ ನಿಂತು ರಕ್ತ ಕಾಲಿನಲ್ಲೇ ಉಳಿದು, ಮಿದುಳಿಗೆ ಹೋಗುವ ರಕ್ತ ಕ್ಷಣಕಾಲ ಕಡಿಮೆಯಾಗುತ್ತದೆ. ಸೆಕೆಯಲ್ಲಿ ಚರ್ಮದ ಕಡೆಗೂ ಹೆಚ್ಚು ರಕ್ತ ಹರಿದಿರುವುದರಿಂದ ಇದು ಇನ್ನೂ ಸುಲಭವಾಗಿ ಆಗುತ್ತದೆ. ಹತ್ತು ನಿಮಿಷ ನಿಧಾನವಾಗಿ ನಡೆಯುತ್ತಲೇ ಇರುವುದು ಇದನ್ನು ತಪ್ಪಿಸುವ ದಾರಿ; ತಲೆ ತಿರುಗಿಯೇ ಬಿಟ್ಟರೆ ಮಲಗಿ ಕಾಲುಗಳನ್ನು ಎತ್ತರದಲ್ಲಿಡಬೇಕು. ನಿಮಗೆ ಆದದ್ದು ಬಹುಶಃ ಇದೇ. ಆದರೆ ದೂರದಲ್ಲಿ ಕುಳಿತು ನಾನು ‘ಬಹುಶಃ’ ಎನ್ನಬಲ್ಲೆನೇ ಹೊರತು ಅದಕ್ಕಿಂತ ಹೆಚ್ಚು ಹೇಳಲಾರೆ. ನಲವತ್ತು ದಾಟಿದವರು ಇಂಥ ಅನುಭವದ ನಂತರ ರಕ್ತದೊತ್ತಡ, ಇಸಿಜಿ, ರಕ್ತದ ಸಕ್ಕರೆ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳದೆ ದೂರ ಹೆಚ್ಚಿಸಬಾರದು. ಮನೆತನದಲ್ಲಿ ಹೃದ್ರೋಗವಿದ್ದರೆ, ಅಥವಾ ಓಡುತ್ತಿರುವಾಗಲೇ ಎದೆ ಹಿಡಿದಂತಾಗಿದ್ದರೆ, ವೈದ್ಯರಿಗೆ ಅದನ್ನು ಮುಚ್ಚಿಡದೆ ಹೇಳಿ.

ಇನ್ನು ಹವೆಯ ಲೆಕ್ಕ. ಮನಿಲಾ ಇರುವುದು ಸುಮಾರು 14.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಅಂದರೆ ಹೆಚ್ಚುಕಡಿಮೆ ನಿಮ್ಮ ದಾವಣಗೆರೆಯ ನೇರದಲ್ಲಿಯೇ. ಆದರೆ ದಾವಣಗೆರೆ ಒಳನಾಡು, ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಊರು, ಮನಿಲಾ ಕೊಲ್ಲಿಯ ಅಂಚಿನಲ್ಲಿ ನೀರಿನ ಮಟ್ಟದಲ್ಲಿದೆ. ಬೆಂಗಳೂರಿನಲ್ಲಿ ಏಪ್ರಿಲ್ ತಿಂಗಳ ನಸುಕಿನಲ್ಲಿಯೂ 22 ಡಿಗ್ರಿ ಆಸುಪಾಸು ಇರುತ್ತದೆ. ಮನಿಲಾದಲ್ಲಿ ಮೇ ತಿಂಗಳ ನಸುಕಿಗೆ 26–27 ಡಿಗ್ರಿ, ಜೊತೆಗೆ ಹಿಂಡಿದರೆ ನೀರು ಬರುವಂಥ ಗಾಳಿ. ಐದು ಡಿಗ್ರಿಯ ವ್ಯತ್ಯಾಸ ದೊಡ್ಡದಲ್ಲ ಎಂದು ತೋರಬಹುದು, ಆದರೆ ನಿಜವಾದ ತೊಂದರೆ ಗಾಳಿಯ ತೇವದಲ್ಲಿದೆ. ಓಡುವ ದೇಹ ಪ್ರತಿ ಕಿಲೊ ತೂಕಕ್ಕೆ, ಪ್ರತಿ ಕಿಲೋಮೀಟರಿಗೆ ಸುಮಾರು 1 ಕಿಲೊಕ್ಯಾಲರಿ ಖರ್ಚು ಮಾಡುತ್ತದೆ. ನಿಮ್ಮ ತೂಕಕ್ಕೆ 10 ಕಿ.ಮೀ.ಗೆ 720 ಕಿಲೊಕ್ಯಾಲರಿ. ಅದರಲ್ಲಿ ಮುಕ್ಕಾಲು ಪಾಲು, ಅಂದರೆ 540ರಷ್ಟು, ಬರೀ ಶಾಖವಾಗಿ ಹೊರಬೀಳಬೇಕು. ಒಂದು ಲೀಟರ್ ಬೆವರು ಪೂರ್ತಿಯಾಗಿ ಆವಿಯಾದರೆ ಸುಮಾರು 580 ಕಿಲೊಕ್ಯಾಲರಿ ಶಾಖ ಹೊತ್ತೊಯ್ಯುತ್ತದೆ. ಒಣಗಾಳಿಯಲ್ಲಿ ಒಂದು ಲೀಟರ್ ಬೆವರಿನಲ್ಲಿ ಮುಗಿಯುವ ಈ ಕೆಲಸ ಮನಿಲಾದಲ್ಲಿ ಮುಗಿಯುವುದಿಲ್ಲ, ಏಕೆಂದರೆ ಗಾಳಿ ಆಗಲೇ ನೀರು ಕುಡಿದು ತುಂಬಿರುತ್ತದೆ. ಬೆವರು ಆವಿಯಾಗದೆ ಮೊಣಕೈಯಿಂದ, ಗಲ್ಲದಿಂದ ತೊಟ್ಟಿಕ್ಕುತ್ತದೆ; ತೊಟ್ಟಿಕ್ಕಿದ ಬೆವರು ದೇಹವನ್ನು ತಂಪು ಮಾಡುವುದಿಲ್ಲ. ಹೀಗೆ ನೀವು ನೀರನ್ನೂ ಕಳೆದುಕೊಳ್ಳುತ್ತೀರಿ, ಶಾಖವನ್ನೂ ಉಳಿಸಿಕೊಳ್ಳುತ್ತೀರಿ. ಹೃದಯ ಒಂದು ಕಡೆ ಸ್ನಾಯುಗಳಿಗೆ, ಇನ್ನೊಂದು ಕಡೆ ತಂಪಾಗಬೇಕಾದ ಚರ್ಮಕ್ಕೆ ರಕ್ತ ಹಂಚಬೇಕಾಗಿ, ಅದೇ ವೇಗಕ್ಕೆ ಬಡಿತ ಏರುತ್ತಾ ಹೋಗುತ್ತದೆ. ಸಮುದ್ರಮಟ್ಟದಲ್ಲಿ ಆಮ್ಲಜನಕ ತುಸು ಹೆಚ್ಚು ಸಿಗುವುದು ನಿಜ, ಆದರೆ ಆ ಲಾಭವನ್ನು ಸೆಕೆ ಎಷ್ಟೋ ಪಟ್ಟು ವಾಪಸು ಪಡೆಯುತ್ತದೆ.

ಇದಕ್ಕೆ ಗಡಿಯಾರದ ಒಂದು ಸಂಗತಿಯೂ ಸೇರಿಕೊಂಡಿದೆ, ಹೊಸಬರು ಇದನ್ನು ಗಮನಿಸುವುದಿಲ್ಲ. ಮನಿಲಾದಲ್ಲಿ ಮೇ ಕೊನೆಗೆ ಸುಮಾರು 5.25ಕ್ಕೆ ಸೂರ್ಯೋದಯ, ಬೆಂಗಳೂರಿನಲ್ಲಿ ಅದೇ ದಿನ 5.50 ದಾಟಿರುತ್ತದೆ. ಅಲ್ಲಿನ ಸ್ಪರ್ಧೆಗಳಲ್ಲಿ ಉದ್ದದ ದೂರದವರನ್ನು ಮೊದಲು ಬಿಡುತ್ತಾರೆ: 42 ಕಿ.ಮೀ.ನವರು ಎರಡು–ಮೂರು ಗಂಟೆಯ ಕತ್ತಲಲ್ಲಿ, 21 ಕಿ.ಮೀ.ನವರು ನಾಲ್ಕರ ಆಸುಪಾಸು, 10 ಕಿ.ಮೀ.ನವರು ಐದರ ನಂತರ. ಹೀಗಾಗಿ 10 ಕಿ.ಮೀ. ಓಡುವವರಿಗೆ ಬಹುಪಾಲು ಬಿಸಿಲೇ ಸಿಗುತ್ತದೆ, 21 ಓಡುವವರು ಅರ್ಧಕ್ಕೂ ಹೆಚ್ಚು ದೂರವನ್ನು ಕತ್ತಲಲ್ಲೇ ಕಳೆದಿರುತ್ತಾರೆ. ನಿಮ್ಮ ಮೇ ತಿಂಗಳ ಓಟ ವರ್ಷದ ಕೆಟ್ಟ ಹವೆಯಲ್ಲಿ, ದಿನದ ತಡವಾದ ಗಳಿಗೆಯಲ್ಲಿ ನಡೆದಿದೆ. ಆ 1 ಗಂಟೆ 9 ನಿಮಿಷ ನಿಮ್ಮ ಶಕ್ತಿಯ ಅಳತೆ ಎಂದು ದಯವಿಟ್ಟು ತಿಳಿಯಬೇಡಿ.

ಎಂಟು ತಿಂಗಳು ಕಳೆದರೂ ದೇಹ ಸೆಕೆಗೆ ಏಕೆ ಒಗ್ಗಲಿಲ್ಲ ಎಂದು ನೀವು ಕೇಳಬಹುದು. ಅಲ್ಲಿ ವಾಸಿಸುವುದರಿಂದಷ್ಟೇ ದೇಹ ಒಗ್ಗುವುದಿಲ್ಲ, ಸೆಕೆಯಲ್ಲಿ ದುಡಿಯುವುದರಿಂದ ಒಗ್ಗುತ್ತದೆ. ಎ.ಸಿ. ಆಫೀಸು, ಎ.ಸಿ. ಕಾರು, ಎ.ಸಿ. ಮನೆ, ಕೊನೆಗೆ ಎ.ಸಿ. ಜಿಮ್ಮು, ನಿಮ್ಮ ದೇಹ ಮನಿಲಾವನ್ನು ಇನ್ನೂ ಕಂಡೇ ಇಲ್ಲ. ಹೊರಗಿನ ಹವೆಯಲ್ಲಿ ದಿನಕ್ಕೆ ಒಂದು ಗಂಟೆಯಷ್ಟು ಹಗುರಾಗಿ ಓಡಿದರೆ ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಬದಲಾವಣೆ ಕಾಣುತ್ತದೆ: ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ, ಅದೇ ವೇಗಕ್ಕೆ ಹೃದಯದ ಬಡಿತ ಇಳಿಯುತ್ತದೆ. ಮತ್ತೆ ಮೂರ್ನಾಲ್ಕು ವಾರ ಎ.ಸಿ.ಯೊಳಗೆ ಸೇರಿಕೊಂಡರೆ ಈ ಗಳಿಕೆಯ ಹೆಚ್ಚಿನ ಪಾಲು ಕರಗಿಹೋಗುತ್ತದೆ. ಆದ್ದರಿಂದ ಟ್ರೆಡ್‌ಮಿಲ್ಲನ್ನು ಜೋರು ಮಳೆಯ ದಿನಗಳಿಗೆ ಮಾತ್ರ ಮೀಸಲಿಡಿ.

ರಾತ್ರಿ ಪಾಳಿಯವರಿಗೆ ಇದನ್ನು ಹೊಂದಿಸುವುದು ಕಷ್ಟ ಎಂಬುದು ನನಗೆ ಗೊತ್ತು. ನನ್ನ ಸಹೋದ್ಯೋಗಿಗಳಲ್ಲಿ ಅರ್ಧದಷ್ಟು ಜನ ಅದೇ ಪಾಳಿಯವರಾಗಿದ್ದರು. ಬೆಳಿಗ್ಗೆ 6ಕ್ಕೆ ಕೆಲಸ ಮುಗಿಸಿ ನೇರವಾಗಿ ಓಡಲು ಹೋಗಬೇಡಿ: ಬಿಸಿಲು ಏರಿರುತ್ತದೆ, ನಿದ್ದೆ ಬಾಕಿಯಿರುತ್ತದೆ. ಎದ್ದ ಮೇಲೆ, ಸಂಜೆ ಆರರ ಸುಮಾರಿಗೆ, ಪಾಳಿಗೆ ಹೋಗುವ ಮುನ್ನ ವಾರದಲ್ಲಿ ಎರಡು ಅಥವಾ ಮೂರು ದಿನ 40ರಿಂದ 60 ನಿಮಿಷ ಓಡಿ; ಮಾತಾಡುತ್ತಾ ಓಡಬಹುದಾದ ವೇಗ ಸಾಕು, ಉಸಿರು ಕಟ್ಟಿದರೆ ನಡೆಯಿರಿ. ಉದ್ದದ ಓಟಕ್ಕೆ ಭಾನುವಾರ ನಸುಕಿನ 4 ಗಂಟೆ ನಿಮಗೆ ಬೇರೆಯವರಿಗಿಂತ ಅನುಕೂಲದ ಸಮಯ, ಏಕೆಂದರೆ ವಾರವಿಡೀ ಆ ಹೊತ್ತಿನಲ್ಲಿ ಎಚ್ಚರವಾಗಿರುವುದು ನಿಮ್ಮ ದೇಹಕ್ಕೆ ರೂಢಿಯಾಗಿದೆ. ಹಗಲು ಪಾಳಿಯವರು ಮಧ್ಯರಾತ್ರಿ ಎರಡಕ್ಕೆ ಅಲಾರಂ ಇಟ್ಟು ಒದ್ದಾಡುವಾಗ ನಿಮಗೆ ಆ ಕಷ್ಟವಿಲ್ಲ. ಶನಿವಾರ ಬೆಳಿಗ್ಗೆ ಬಂದು ಎಂಟರಿಂದ ಎರಡರವರೆಗೆ, ಮತ್ತೆ ರಾತ್ರಿ ಎಂಟರಿಂದ ಒಂದೂವರೆಯವರೆಗೆ ಮಲಗಿದರೆ ಸಾಕಷ್ಟಾಯಿತು. ಭಾನುವಾರದ ಓಟವನ್ನು 10 ಕಿ.ಮೀ.ನಿಂದ ಶುರುಮಾಡಿ, ಎರಡು ವಾರಕ್ಕೊಮ್ಮೆ ಒಂದೆರಡು ಕಿಲೋಮೀಟರು ಏರಿಸುತ್ತಾ, ನವೆಂಬರ್ ಕೊನೆಗೆ 18ಕ್ಕೆ ತನ್ನಿ. ಅದಕ್ಕಿಂತ ಹೆಚ್ಚು ಬೇಕಾಗಿಲ್ಲ.

ಗುರಿ ಎಷ್ಟಿರಬೇಕು? 58 ನಿಮಿಷದ 10 ಕಿ.ಮೀ. ಎಂದರೆ ಕಿಲೋಮೀಟರಿಗೆ 5 ನಿಮಿಷ 48 ಸೆಕೆಂಡು. ಆ ಲೆಕ್ಕದಲ್ಲಿ ತಂಪಿನ ಊರಿನಲ್ಲಿ ನಿಮ್ಮ ಹಾಫ್ ಮ್ಯಾರಥಾನ್ 2 ಗಂಟೆ 8 ನಿಮಿಷದ ಆಸುಪಾಸು ಬರುತ್ತದೆ. ಮನಿಲಾದ ಮೇ ತಿಂಗಳ ಓಟವನ್ನೇ ಆಧಾರವಾಗಿಟ್ಟರೆ 2 ಗಂಟೆ 32 ನಿಮಿಷ. ಡಿಸೆಂಬರ್ ಮೇಗಿಂತ ತಂಪು, ನೀವೂ ಅಷ್ಟರಲ್ಲಿ ಒಗ್ಗಿರುತ್ತೀರಿ. ಆದರೂ ಮೊದಲ ಸಲಕ್ಕೆ 2 ಗಂಟೆ 35 ನಿಮಿಷ ಎಂದುಕೊಂಡು, ಕಿಲೋಮೀಟರಿಗೆ 7 ನಿಮಿಷ 20 ಸೆಕೆಂಡಿನಂತೆ ಆರಂಭಿಸಿ. ಸಾಮಾನ್ಯವಾಗಿ 21 ಕಿ.ಮೀ.ಗೆ ಮೂರರಿಂದ ಮೂರೂವರೆ ಗಂಟೆಯ ಕಟ್‌ಆಫ್, ಅಂದರೆ ಓಟ ಮುಗಿಸಬೇಕಾದ ಗಡುವು ಇರುವುದರಿಂದ ಆತಂಕಕ್ಕೆ ಕಾರಣವಿಲ್ಲ. ಹದಿನೈದನೆಯ ಕಿಲೋಮೀಟರಿನಲ್ಲಿ ಚೈತನ್ಯ ಉಳಿದಿದ್ದರೆ ವೇಗ ಹೆಚ್ಚಿಸಬಹುದು. ಐದನೆಯದರಲ್ಲಿ ಹೆಚ್ಚಿಸಿದವರನ್ನು ಹದಿನೆಂಟನೆಯದರಲ್ಲಿ ರಸ್ತೆಬದಿ ಕುಳಿತಿರುವುದನ್ನು ನಾನು ಪ್ರತಿ ಸ್ಪರ್ಧೆಯಲ್ಲೂ ಕಂಡಿದ್ದೇನೆ. ಇನ್ನೊಂದು ಮಾತು: ತಗೀಗ್‌ನ ವ್ಯಾಪಾರ ಬಡಾವಣೆ ಬೊನಿಫಾಸಿಯೊ ಗ್ಲೋಬಲ್ ಸಿಟಿಯಂಥ ಕಡೆ ಎತ್ತರದ ಕಟ್ಟಡಗಳ ನಡುವೆ ಕೈಗಡಿಯಾರದ ಜಿಪಿಎಸ್ ತಪ್ಪು ದೂರ ತೋರಿಸುತ್ತದೆ, ಅಧಿಕೃತವಾಗಿ ಅಳೆಸದ ದಾರಿಗಳೂ ಇವೆ. ಒಂದು ಸ್ಪರ್ಧೆಯ ಸಮಯವನ್ನು ಬೇರೊಂದು ಸ್ಪರ್ಧೆಯ ಸಮಯಕ್ಕೆ ಹೋಲಿಸುವ ಮೊದಲು ಇದು ನೆನಪಿರಲಿ.

ಸ್ಪರ್ಧೆಯ ಆಯ್ಕೆಗೆ ಬರೋಣ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹಬಾಗಾತ್ ಎಂದು ಅಲ್ಲಿನವರು ಕರೆಯುವ ನೈಋತ್ಯ ಮಾರುತದ ಕಾಲ, ನಮ್ಮ ಮುಂಗಾರಿನ ಒಡಹುಟ್ಟು, ಜೊತೆಗೆ ಚಂಡಮಾರುತಗಳು. ಹವಾಮಾನ ಇಲಾಖೆಯಾದ ಪಾಗಾಸಾ 1ರಿಂದ 5ರವರೆಗಿನ ಗಾಳಿ ಎಚ್ಚರಿಕೆ ಹೊರಡಿಸುತ್ತದೆ, ಅಂಥ ದಿನ ಸ್ಪರ್ಧೆ ಮುಂದಕ್ಕೆ ಹೋಗುವುದು ಸಾಮಾನ್ಯ. (ಆ ಇಲಾಖೆಯ ಹೆಸರಿನಂತೆಯೇ ಕೇಳಿಸುವ ತಗಾಲೊಗ್ ಪದಕ್ಕೆ ‘ಭರವಸೆ’ ಎಂದರ್ಥ.) ಮಳೆಯಲ್ಲಿ ಓಡುವುದು ಹಿತವೇ, ಆದರೆ ರಸ್ತೆಯಲ್ಲಿ ನಿಂತ ನೆರೆನೀರಿನೊಳಗೆ ಕಾಲಿಡಬೇಡಿ. ನಮ್ಮ ಕರಾವಳಿಯಲ್ಲಿ ಇಲಿಜ್ವರ ಎನ್ನುವ ಕಾಯಿಲೆ ಅಲ್ಲಿಯೂ ಪ್ರತಿ ಮಳೆಗಾಲದಲ್ಲಿ ಜನರನ್ನು ಕಾಡುತ್ತದೆ. ಕಾಲಲ್ಲಿ ಗಾಯವಿದ್ದು ನೀರಿಗಿಳಿಯಬೇಕಾಗಿ ಬಂದರೆ ಅಂದೇ ವೈದ್ಯರನ್ನು ಕೇಳಿ. ನವೆಂಬರ್‌ನಿಂದ ಫೆಬ್ರುವರಿಯವರೆಗೆ ಆಮಿಹಾನ್, ಅಂದರೆ ಈಶಾನ್ಯದ ಒಣಗಾಳಿ ಬೀಸುತ್ತದೆ. ಓಟಕ್ಕೆ ಒಳ್ಳೆಯ ಕಾಲ ಅದೇ, ಆದ್ದರಿಂದ ನಿಮ್ಮ ಡಿಸೆಂಬರ್ ಆಯ್ಕೆ ಸರಿಯಾಗಿದೆ. ಸಿನುಲೋಗ್ ಹಬ್ಬದ ಹೊತ್ತಿಗೆ ಜನವರಿಯಲ್ಲಿ ಸೆಬು ನಗರದಲ್ಲಿ ನಡೆಯುವ ಮ್ಯಾರಥಾನ್ ಕೂಡ ಇದೇ ಕಾರಣಕ್ಕೆ ಹವ್ಯಾಸಿಗಳಿಗೆ ಪ್ರಿಯ.

ನಿಮ್ಮ ಮನೆಯ ಹತ್ತಿರದ ಬೊನಿಫಾಸಿಯೊ ಗ್ಲೋಬಲ್ ಸಿಟಿಯಿಂದ ಹೊರಡುವ ಓಟಗಳು ಅನುಕೂಲವೆಂದು ತೋರುತ್ತವೆ, ಆದರೆ ಅವುಗಳಲ್ಲಿ ಎಷ್ಟೋ ದಾರಿಗಳು ಕಲಾಯಾನ್ ಮೇಲ್ಸೇತುವೆ ಹತ್ತಿ ಇಳಿಯುತ್ತವೆ. ದಣಿದ ಕಾಲಿಗೆ ಆ ಏರು ಬೆಟ್ಟದಂತೆ ಕಾಣುತ್ತದೆ. ಪಾಸಾಯ್‌ನ ಎಸ್‌ಎಂ ಮಾಲ್ ಆಫ್ ಏಷ್ಯಾದ ಆವರಣದಿಂದ ಹೊರಟು ಕೊಲ್ಲಿಯ ಬದಿಯ ರೋಹಾಸ್ ಬುಲೆವಾರ್ಡ್ ಹಿಡಿಯುವ ದಾರಿಗಳು ಸಮತಟ್ಟು, ಸಮುದ್ರದ ಗಾಳಿಯೂ ಉಂಟು, ಆದರೆ ಸೂರ್ಯ ಹುಟ್ಟಿದ ಮೇಲೆ ನೆರಳೆಂಬುದು ಕಡಿಮೆ. ಮೊದಲ ಹಾಫ್ ಮ್ಯಾರಥಾನ್‌ಗೆ ನಾನು ಎರಡನೆಯದನ್ನೇ ಹೇಳುತ್ತೇನೆ, ಏಕೆಂದರೆ ನಸುಕಿನಲ್ಲಿ ಹೊರಟವರು ಬಿಸಿಲಿಗೆ ಸಿಗುವುದು ಕೊನೆಯ ಐದಾರು ಕಿಲೋಮೀಟರಿನಲ್ಲಿ ಮಾತ್ರ. ಅಭ್ಯಾಸಕ್ಕೆ ಕೆಸೋನ್ ಸಿಟಿಯ ಫಿಲಿಪ್ಪೀನ್ಸ್ ವಿಶ್ವವಿದ್ಯಾಲಯದ ಡಿಲಿಮಾನ್ ಆವರಣಕ್ಕೆ ಒಮ್ಮೆ ಹೋಗಿ ಬನ್ನಿ. ಅಲ್ಲಿನ ಅಂಡಾಕಾರದ ರಸ್ತೆಯ ಒಂದು ಸುತ್ತು 2.2 ಕಿ.ಮೀ.; ಎರಡೂ ಬದಿ ಅಲ್ಲಿನವರು ಅಕಾಸ್ಯಾ ಎನ್ನುವ ದೊಡ್ಡ ಮರಗಳು. ಅವು ಬೇರೆ ಯಾವುದೂ ಅಲ್ಲ, ಬೆಂಗಳೂರಿನ ಹಳೆಯ ರಸ್ತೆಗಳ ಮೇಲೆ ಕೊಡೆ ಹಿಡಿದು ನಿಂತಿರುವ ಮಳೆಮರಗಳೇ. ಮನೆ ನೆನಪಾದ ದಿನ ನಾನು ಅಲ್ಲಿಗೆ ಹೋಗುತ್ತಿದ್ದೆ. ಬೆಂಗಳೂರಿನ ವೇಗ ಇನ್ನೂ ನಿಮ್ಮಲ್ಲಿದೆಯೇ ಎಂದು ತಿಳಿಯಬೇಕಿದ್ದರೆ ಬಾಗಿಯೊಗೆ ಹೋಗಿ. ಸುಮಾರು 1,500 ಮೀಟರ್ ಎತ್ತರದ ಆ ಗುಡ್ಡದೂರಿನ ಚಳಿಯಲ್ಲಿ ನಿಮ್ಮ ಉಸಿರು ಎಷ್ಟು ಸಲೀಸಾಗಿ ಆಡುತ್ತದೆ ಎಂದು ನೀವೇ ಕಾಣುವಿರಿ.

ಸ್ಥಳಕ್ಕಿಂತ ಮುಖ್ಯವಾದದ್ದು ಸಂಘಟಕರು. ನನ್ನ ಮೊದಲ ವರ್ಷದ ಒಂದು ಹಾಫ್ ಮ್ಯಾರಥಾನ್‌ನಲ್ಲಿ ಹದಿನಾಲ್ಕನೆಯ ಕಿಲೋಮೀಟರ್ ದಾಟುವ ಹೊತ್ತಿಗೆ ನೀರಿನ ಮೇಜುಗಳು ಖಾಲಿಯಾಗಿದ್ದವು. ಮುಂದಿನ ಎರಡು ಮೇಜುಗಳಲ್ಲಿಯೂ ಬರೀ ಖಾಲಿ ಲೋಟಗಳು. ನೋಂದಾಯಿಸಿಕೊಂಡವರ ಲೆಕ್ಕಕ್ಕೆ ನೀರು ತಂದಿರಲಿಲ್ಲ ಎಂದು ಆಮೇಲೆ ತಿಳಿಯಿತು. ಆ ದಿನ ನಮ್ಮನ್ನು ಕಾಪಾಡಿದವಳು ರಸ್ತೆಬದಿಯ ಸಾರಿಸಾರಿ ಅಂಗಡಿಯ, ಅಂದರೆ ಮನೆಯ ಮುಂದಿನ ಗೂಡಂಗಡಿಯ ಒಬ್ಬ ಅಜ್ಜಿ. ಚಿಕ್ಕ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ಮಾರುವ ತಣ್ಣೀರನ್ನು ಅವರು ಪೆಟ್ಟಿಗೆಯಿಂದ ತೆಗೆತೆಗೆದು ಓಡಿ ಬರುತ್ತಿದ್ದ ಎಲ್ಲರ ಕೈಗೂ ಇಟ್ಟರು, ಯಾರ ಹತ್ತಿರವೂ ಹಣ ಕೇಳಲಿಲ್ಲ. ಮರುವಾರ ಹೋಗಿ ಹಣ ಕೊಡಲು ನೋಡಿದರೆ ಬಾಳೆಹಣ್ಣು ಕೊಟ್ಟು ಕಳುಹಿಸಿದರು. ಅಂದಿನಿಂದ ನಾನು ಹಣ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳುತ್ತೇನೆ: ಎಷ್ಟು ಕಿಲೋಮೀಟರಿಗೊಮ್ಮೆ ನೀರು, ಕೊನೆಯ ಓಟಗಾರ ಬರುವವರೆಗೂ ಅದು ಇರುತ್ತದೆಯೇ, ಐಸ್ ಇರುವ ಆಂಬುಲೆನ್ಸ್ ಎಲ್ಲೆಲ್ಲಿ ನಿಂತಿರುತ್ತದೆ. ಉತ್ತರ ಬಾರದ ಸ್ಪರ್ಧೆಗೆ, ಅದರ ಪದಕ ಎಷ್ಟೇ ಚೆನ್ನಾಗಿರಲಿ, ನಾನು ಹೋಗುವುದಿಲ್ಲ. ಕಳೆದ ಬಾರಿ ಅದೇ ಸ್ಪರ್ಧೆಯಲ್ಲಿ ನಿಧಾನವಾಗಿ ಓಡಿದವರನ್ನು ಕೇಳಿ; ಮುಂಚೂಣಿಯಲ್ಲಿ ಓಡಿದವರಿಗೆ ನೀರು ಯಾವಾಗಲೂ ಸಿಕ್ಕಿರುತ್ತದೆ.

ಇಂಥ ಒಂದು ಕೊರತೆಯಿಂದ ಅಲ್ಲಿನ ಓಟದ ಲೋಕವನ್ನು ಅಳೆಯಬಾರದು, ಅದಕ್ಕೆ ಆಳವಾದ ಬೇರುಗಳಿವೆ. 1974ರಲ್ಲಿ ಆರಂಭವಾದ ಮೈಲೋ ಮ್ಯಾರಥಾನ್ ಪ್ರಾಂತ್ಯ ಪ್ರಾಂತ್ಯಗಳಲ್ಲಿ ಆಯ್ಕೆ ಓಟ ನಡೆಸಿ, ಶಾಲಾಮಕ್ಕಳನ್ನು ಸಾವಿರಗಟ್ಟಲೆ ಬೀದಿಗೆ ತಂದು ಓಡಿಸಿದೆ, ಬಡ ಮಕ್ಕಳಿಗೆ ಶೂ ಕೊಡಿಸಿದೆ. ಒಂದು ಉದ್ದೇಶಕ್ಕಾಗಿ ಓಡುವುದು ಅಲ್ಲಿ ಸಹಜ: 2010ರ ಅಕ್ಟೋಬರ್ 10ರಂದು ಮಲಿನವಾದ ಪಾಸಿಗ್ ನದಿಯ ಸಲುವಾಗಿ ನಡೆದ ಓಟದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಚರ್ಚು, ಶಾಲೆ, ಅಗ್ನಿಶಾಮಕ ದಳ, ಊರಿನ ಹಬ್ಬ, ಎಲ್ಲದಕ್ಕೂ ಒಂದು ಫನ್ ರನ್ ಉಂಟು. ನಿಮ್ಮ ಡಿಸೆಂಬರ್ ಓಟಕ್ಕೆ ಮೊದಲು ಇಂಥ ಚಿಕ್ಕ ಊರೋಟ ಒಂದೆರಡರಲ್ಲಿ 5 ಅಥವಾ 10 ಕಿ.ಮೀ. ಓಡಿ ಎಂದು ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಶುಲ್ಕ ಕಡಿಮೆ, ಗದ್ದಲ ಕಡಿಮೆ, ಪರಿಚಯ ಬೇಗ.

ಅಲ್ಲಿನ ರೀತಿಗಳನ್ನು ತಿಳಿದುಕೊಂಡು ಹೋದರೆ ಹೊರಗಿನವನೆಂಬ ಭಾವನೆ ಉಳಿಯುವುದಿಲ್ಲ. ಓಟಕ್ಕೆ ಮೊದಲು ವೇದಿಕೆಯಿಂದ ಪ್ರಾರ್ಥನೆ, ಅನಂತರ ರಾಷ್ಟ್ರಗೀತೆ. ಅವರು ಬಲಗೈಯನ್ನು ಎದೆಯ ಮೇಲಿಟ್ಟು ಹಾಡುವಾಗ ನೀವು ಕಾಲು ಚಾಚುವುದನ್ನು ನಿಲ್ಲಿಸಿ ನೆಟ್ಟಗೆ ನಿಂತರೆ ಸಾಕು. ಮುಂದೆ ಜೋರು ಸಂಗೀತಕ್ಕೆ ಜುಂಬಾ. ಕೈಕಾಲು ಸಡಿಲವಾಗುವಷ್ಟು ಸೇರಿಕೊಳ್ಳಿ, ಬೆವರುವಷ್ಟು ಬೇಡ. ದಾರಿ ತೋರಿಸುವ ಸ್ವಯಂಸೇವಕನನ್ನು ಕೂಯಾ ಎಂದೂ ಸ್ವಯಂಸೇವಕಿಯನ್ನು ಆತೆ ಎಂದೂ ಕರೆಯುತ್ತಾರೆ. ನಮ್ಮ ಅಣ್ಣ, ಅಕ್ಕನ ಹಾಗೆಯೇ. ಮಾತಿನ ಕೊನೆಗೆ ಸೇರಿಸುವ ‘ಪೊ’ ಎಂಬ ಚಿಕ್ಕ ಪದ ನಮ್ಮ ‘ರೀ’ಯಂತೆ ಗೌರವಸೂಚಕ, ನೀರು ಕೊಟ್ಟವರಿಗೆ ‘ಸಲಾಮಾತ್ ಪೊ’ ಎಂದರೆ ಮುಖ ಅರಳುತ್ತದೆ. ‘ಕಾಯಾ ಮೊ ಯಾನ್’ ಎಂದು ಯಾರಾದರೂ ಕೂಗಿದರೆ ‘ನಿನ್ನಿಂದ ಆಗುತ್ತದೆ’ ಎಂದರ್ಥ. ‘ಮಲಾಪಿತ್ ನಾ’, ಅಂದರೆ ‘ಇನ್ನೇನು ಬಂತು’ ಎಂಬ ಮಾತನ್ನು ಮಾತ್ರ ನಂಬಿ ವೇಗ ಹೆಚ್ಚಿಸಬೇಡಿ. ಅದನ್ನು ಪ್ರೀತಿಯಿಂದ ಹೇಳುತ್ತಾರೆ, ನಾಲ್ಕು ಕಿಲೋಮೀಟರ್ ಬಾಕಿಯಿರುವಾಗಲೂ ಹೇಳುತ್ತಾರೆ. ಭಾರತದವನೆಂದು ತಿಳಿದರೆ ಹಿರಿಯ ಓಟಗಾರರು ಪಿ.ಟಿ. ಉಷಾ ಅವರ ಹೆಸರೆತ್ತುವುದನ್ನು ಕೇಳಿದ್ದೇನೆ. 1982ರ ದೆಹಲಿ ಮತ್ತು 1986ರ ಸಿಯೋಲ್ ಏಷ್ಯನ್ ಕ್ರೀಡಾಕೂಟಗಳೆರಡರಲ್ಲೂ 100 ಮೀಟರ್ ಓಟದಲ್ಲಿ ಉಷಾ ಅವರನ್ನು ಎರಡನೆಯ ಸ್ಥಾನಕ್ಕೆ ಸರಿಸಿ ಚಿನ್ನ ಗೆದ್ದವರು ಫಿಲಿಪ್ಪೀನ್ಸ್‌ನ ಲಿಡಿಯಾ ಡಿ ವೇಗಾ. ಎರಡು ದೇಶದ ಓಟಗಾರರ ನಡುವೆ ಮಾತು ಬೆಳೆಯಲು ಅಷ್ಟು ಸಾಕು.

ವ್ಯವಹಾರದ ಒಂದೆರಡು ಸಂಗತಿ. ನೋಂದಣಿಯಾದ ಮೇಲೆ ಬಿಬ್ (ಎದೆಗೆ ಸಿಕ್ಕಿಸುವ ನಂಬರಿನ ಚೀಟಿ), ಚಿಪ್ (ಸಮಯ ಅಳೆಯುವ ಬಿಲ್ಲೆ), ಸಿಂಗ್ಲೆಟ್ (ತೋಳಿಲ್ಲದ ಬನಿಯನ್) ಇರುವ ಕಿಟ್ ಅನ್ನು ಸ್ಪರ್ಧೆಗೆ ಕೆಲದಿನ ಮೊದಲು ಯಾವುದಾದರೂ ಮಾಲ್‌ಗೆ ಹೋಗಿ ಪಡೆಯಬೇಕು. ನಿಮ್ಮ ಪರವಾಗಿ ಬೇರೆಯವರು ಹೋದರೆ ಅಧಿಕಾರಪತ್ರ ಮತ್ತು ಗುರುತಿನ ಚೀಟಿಯ ಪ್ರತಿ ಕೇಳುತ್ತಾರೆ. ಜಾಗ ಸಿಗಲಿಲ್ಲವೆಂದು ಇನ್ನೊಬ್ಬರ ಬಿಬ್ ಕೊಂಡು ಓಡಬೇಡಿ. ನೀವು ಕುಸಿದರೆ ವೈದ್ಯರು ನೋಡುವುದು ಆ ಬಿಬ್‌ನ ವಿವರಗಳನ್ನೇ, ಫೋನು ಹೋಗುವುದು ಬೇರೆ ಯಾರದೋ ಮನೆಗೆ. ನಸುಕಿನ ಮೂರಕ್ಕೆ ಮೆಟ್ರೊ ರೈಲು ಇರುವುದಿಲ್ಲ, ರಸ್ತೆಗಳೂ ಮುಚ್ಚಿರುತ್ತವೆ. ಟ್ಯಾಕ್ಸಿಯನ್ನು ಒಂದು ಕಿಲೋಮೀಟರ್ ಮೊದಲೇ ಬಿಟ್ಟು ನಡೆದು ಹೋಗುವಷ್ಟು ಸಮಯ ಇಟ್ಟುಕೊಳ್ಳಿ. ತೊಡೆಸಂದಿಗೂ ಕಂಕುಳಿಗೂ ವ್ಯಾಸಲೀನ್ ಹಚ್ಚದೆ ಹೊರಡಬೇಡಿ, ಅಲ್ಲಿ ಬಟ್ಟೆ ಮೊದಲ ಮೂರು ಕಿಲೋಮೀಟರಿಗೇ ನೆನೆಯುತ್ತದೆ.

ಎಷ್ಟು ನೀರು ಕುಡಿಯಬೇಕೆಂಬುದಕ್ಕೆ ನಿಮ್ಮದೇ ಅಳತೆ ಬೇಕು. ಒಂದು ಭಾನುವಾರ ಓಡುವ ಮೊದಲು ತೂಕ ನೋಡಿ, ಒಂದು ಗಂಟೆ ಓಡಿ, ಮೈ ಒರೆಸಿಕೊಂಡು ಮತ್ತೆ ತೂಕ ನೋಡಿ. ಇಳಿದ ಪ್ರತಿ ಕಿಲೊ ಒಂದು ಲೀಟರ್ ಬೆವರು; ನಡುವೆ ಕುಡಿದದ್ದನ್ನು ಅದಕ್ಕೆ ಸೇರಿಸಿ. ಕಳೆದುಕೊಂಡದ್ದನ್ನೆಲ್ಲ ಓಡುವಾಗಲೇ ತುಂಬಿಸಬೇಕಾಗಿಲ್ಲ. ನಿಮ್ಮ ತೂಕಕ್ಕೆ ಒಂದೂವರೆ ಕಿಲೊದಷ್ಟು ಇಳಿಕೆ ದೇಹ ತಾಳಿಕೊಳ್ಳುತ್ತದೆ. ಓಟ ಮುಗಿದಾಗ ತೂಕ ಹೆಚ್ಚಾಗಿದ್ದರೆ ಅದೇ ಅಪಾಯ: ಬರೀ ನೀರು ಅತಿಯಾದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಕಾಣಿಸುತ್ತವೆ. ಒಂದು ಮೇಜಿನಲ್ಲಿ ನೀರು, ಮುಂದಿನದರಲ್ಲಿ ಉಪ್ಪು–ಸಕ್ಕರೆಯ ಪೇಯ ಎಂದು ಬದಲಿಸುತ್ತಾ ಹೋಗಿ; ನೆನೆದ ಸ್ಪಂಜು ಕೊಟ್ಟರೆ ಕತ್ತಿನ ಹಿಂಭಾಗಕ್ಕೆ ಒತ್ತಿಕೊಳ್ಳಿ. ಓಟಕ್ಕೆ ಮುನ್ನ ಐಬುಪ್ರೊಫೆನ್‌ನಂಥ ನೋವಿನ ಗುಳಿಗೆ ನುಂಗುವ ಅಭ್ಯಾಸ ಕೆಲವರಲ್ಲಿದೆ, ನೀರು ಕಡಿಮೆಯಾದ ದೇಹದಲ್ಲಿ ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಸೆಕೆಯಲ್ಲಿಯೇ ಮೈ ನಡುಗಿ ರೋಮಾಂಚವಾದರೆ, ಕಾಲು ತೊಡರಿದರೆ, ಎಲ್ಲಿದ್ದೇನೆಂದು ಗೊಂದಲವಾದರೆ ಆ ಕ್ಷಣವೇ ನಿಂತು ಸಹಾಯ ಕೇಳಿ. ದೇಹದೊಳಗಿನ ಉಷ್ಣತೆ 40 ಡಿಗ್ರಿ ದಾಟಿದರೆ ಶಾಖಾಘಾತ. ಅಂಥವರನ್ನು ಮೊದಲು ಐಸ್ ನೀರಿನಿಂದ ತಂಪು ಮಾಡಬೇಕು, ಅನಂತರ ಆಸ್ಪತ್ರೆಗೆ ಸಾಗಿಸಬೇಕು. ಪಕ್ಕದ ಓಟಗಾರನಿಗೆ ಹೀಗಾದರೂ ನಿಮ್ಮ ಸಮಯದ ಚಿಂತೆ ಬಿಟ್ಟು ನಿಲ್ಲುವಿರೆಂದು ನಂಬಿದ್ದೇನೆ.

ಫಿನಿಷರ್ ಟೀ ಶರ್ಟಿನ ಆಸೆಯನ್ನು ನೀವು ಸಂಕೋಚಪಡದೆ ಬರೆದದ್ದು ನನಗೆ ಇಷ್ಟವಾಯಿತು. ಆ ಬಟ್ಟೆಗೆ ಅಲ್ಲಿ ಬೆಲೆಯಿದೆ. ಸೋಮವಾರ ಅದನ್ನು ತೊಟ್ಟು ಆಫೀಸಿಗೆ ಬಂದವರನ್ನು ಜನ ನಿಲ್ಲಿಸಿ ಮಾತಾಡಿಸುತ್ತಾರೆ. ಆದರೆ ಅಕ್ಟೋಬರ್ ಕೊನೆಗೆ ನಿಮ್ಮ ಭಾನುವಾರದ ಓಟ 14 ಕಿ.ಮೀ. ತಲುಪದಿದ್ದರೆ, ಡಿಸೆಂಬರ್‌ನಲ್ಲಿ 10 ಅಥವಾ 16 ಕಿ.ಮೀ. ಓಡಿ, 21ನ್ನು ಫೆಬ್ರುವರಿಗೆ ಮುಂದೂಡಿ. ಆಮಿಹಾನ್ ಆಗಲೂ ಇರುತ್ತದೆ.

ಊಟದ ವಿಷಯ ಸುಲಭ. ಓಟಕ್ಕೆ ಎರಡು ಗಂಟೆ ಮೊದಲು ಬೇಯಿಸಿದ ಸಾಬಾ ಬಾಳೆಹಣ್ಣು, ಅಥವಾ ಪೂತೊ ಎಂಬ ಅಕ್ಕಿಯ ಹಬೆಕಡುಬು ತಿನ್ನಬಹುದು. ಪೂತೊ ತುಸು ಸಿಹಿಯಾದ ಇಡ್ಲಿಯಂತಿರುತ್ತದೆ, ಕೆಲವರು ಮೊಟ್ಟೆ ಸೇರಿಸುವುದರಿಂದ ಕೇಳಿ ಕೊಳ್ಳಿ. ಎಳೆಯ ಅಂಟಕ್ಕಿಯನ್ನು ಕುಟ್ಟಿ ಮಾಡುವ ಪಿನಿಪಿಗ್ ನಮ್ಮ ಅವಲಕ್ಕಿಯ ಸೋದರ. ಹಾಲು, ಬೆಲ್ಲದೊಂದಿಗೆ ನನಗೆ ಅದೇ ಚೆನ್ನಾಗಿ ಹಿಡಿಯಿತು. ಓಟ ಮುಗಿದ ಮೇಲೆ ಲುಗಾವ್ ಎಂಬ ಅಕ್ಕಿಗಂಜಿ ಹಂಚುವುದುಂಟು, ನೋಡಲು ನಮ್ಮ ಗಂಜಿಯಂತೆಯೇ ಇದ್ದರೂ ಅದನ್ನು ಹೆಚ್ಚಾಗಿ ಕೋಳಿಯ ಸಾರಿನಲ್ಲಿ ಬೇಯಿಸಿರುತ್ತಾರೆ, ಆದ್ದರಿಂದ ವಿಚಾರಿಸದೆ ಬಾಯಿಗಿಡಬೇಡಿ. ಬುಕೊ ಎಂದು ಕೇಳಿದರೆ ಎಳನೀರು ಸಿಗುತ್ತದೆ. ಇನ್ನು ಹೆಗಲ ಮೇಲಿನ ಕೋಲಿಗೆ ಎರಡು ತಗಡಿನ ಡಬ್ಬಿ ತೂಗುಹಾಕಿಕೊಂಡು ‘ತಹೋ’ ಎಂದು ರಾಗವಾಗಿ ಕೂಗುತ್ತಾ ಬರುವವರನ್ನು ಕಂಡರೆ ಕರೆದು ನಿಲ್ಲಿಸಿ: ಬಿಸಿಬಿಸಿ ಸೋಯಾ ಹಾಲಿನ ಮೆತ್ತನೆಯ ಗಡ್ಡೆ, ಮೇಲೆ ಬೆಲ್ಲದಂಥ ಪಾಕ, ಒಂದಿಷ್ಟು ಸಾಬಕ್ಕಿ. ಪ್ರೋಟೀನು, ಸಕ್ಕರೆ ಎರಡೂ ಒಂದೇ ಲೋಟದಲ್ಲಿ, ಪೂರ್ತಿ ಸಸ್ಯಾಹಾರ. ಗೆರೆ ದಾಟಿ ಹತ್ತು ನಿಮಿಷ ನಡೆದ ಮೇಲೆ ಕುಡಿಯಿರಿ, ನಿಂತ ತಕ್ಷಣ ಬೇಡ.